ಅಳಿಸಿಹೋದ ಬಿಳಿ ಗೆರೆ

"ಅಯ್ಯೋ! ನನ್ನ ಕಾರನ್ನ ಯಾರ್ರೀ ಹೀಗೆ ಬಿಚ್ಚಿ ಹಾಕಿದ್ದು?"

ಶೆಡ್ಡಿನ ಬಾಗಿಲಲ್ಲೇ ಅವಳು ಕಿರುಚಿದಳು. ಬಾನೆಟ್ ಕೆಳಗಿಂದ ಒಂದು ತಲೆ ಮೇಲೆದ್ದಿತು. ಮೂಗಿನ ಮೇಲೆ ಗ್ರೀಸು, ಕಣ್ಣಲ್ಲಿ ಗಾಬರಿ!

"ನಾನು... ನಿಮ್ಮಣ್ಣನ ಫ್ರೆಂಡು. ಮೆಕ್ಯಾನಿಕ್ಕು."

ಓಹೋ, ಅಣ್ಣ ಬಾಯ್ತುಂಬ ಹೊಗಳುವ ಮೌನಿಬಾಬಾ ಇವನೇನಾ!

"ವಾಟರ್ ಪಂಪ್ ಸೋರುತ್ತೆ ಅಂದ್ರೆ ಇಷ್ಟೆಲ್ಲ ಬಿಚ್ಚೋದಾ? ನಾಳೆ ಹೊಸ ಆಸ್ಪತ್ರೇಲಿ ನನ್ನ ಮೊದಲನೇ ಡ್ಯೂಟಿ. ಬೆಳಗ್ಗೆ ಐದಕ್ಕೆ ಹೊರಡಬೇಕು, ಆ ಹೊತ್ತಿಗೆ ಬಸ್ಸೂ ಇಲ್ಲ!"

"ಟೈಮಿಂಗ್ ಬೆಲ್ಟ್ ತೆಗೀದೆ ಪಂಪ್ ಕೈಗೆ ಸಿಗಲ್ಲ ರೀ. ಬೆಲ್ಟೂ ಹಳೇದಾಗಿದೆ, ಎರಡೂ ಒಟ್ಟಿಗೆ ಹಾಕಿಬಿಡ್ತೀನಿ. ಸಂಜೆಗೆ ರೆಡಿ."

ಅಷ್ಟೇ. ಮತ್ತೆ ಬಗ್ಗಿದ.

ಬೈಯಲೆಂದೇ ನಿಂತವಳು ನೋಡುತ್ತಾ ನಿಂತುಬಿಟ್ಟಳು. ಬಿಚ್ಚಿದ ಬೋಲ್ಟುಗಳನ್ನೆಲ್ಲ ಮೊಟ್ಟೆ ಟ್ರೇಯ ಗುಳಿಗಳಲ್ಲಿ ಸಾಲಾಗಿ ಇಟ್ಟಿದ್ದ. ಆಪರೇಷನ್ ಥಿಯೇಟರಿನಲ್ಲಿ ತಾನು ಕತ್ತರಿ ಜೋಡಿಸುವ ಹಾಗೆಯೇ!

'ಕೈಗುಣ ಅಂದ್ರೆ ಇದು...' ನರ್ಸಿನ ಮನಸ್ಸು ಸದ್ದಿಲ್ಲದೆ ಒಪ್ಪಿಕೊಂಡಿತು.

ಹೊಸ ಪಂಪ್ ಕೂತಿತು. ಅವನು ಕೈ ತೊಳೆಯಲು ಹೋದ. ತಾನೂ ಏನಾದರೂ ಮಾಡೋಣವೆಂದು ಅವಳು ಹತ್ತಿ, ಸ್ಪಿರಿಟ್ ತಂದು ಇಂಜಿನ್ನಿನ ಹಲ್ಲುಚಕ್ರಗಳನ್ನು ಫಳಫಳ ಒರೆಸಿಟ್ಟಳು.

ಅವನು ಬಂದು ನೋಡಿದ. "ಇಲ್ಲಿ ಬಿಳಿ ಗೆರೆ ಹಾಕಿದ್ನಲ್ಲ...?"

"ಕೊಳೆ ಅನ್ಕೊಂಡೆ..."

"ಏ ಪುಟ್ಟಿ!" ಮನೆಯ ಕಿಟಕಿಯಿಂದ ಇದನ್ನೆಲ್ಲ ನೋಡುತ್ತಿದ್ದ ಅಣ್ಣ ಕೂಗಿದ. "ಆ ಗೆರೆ ನೋಡ್ಕೊಂಡೇ ಬೆಲ್ಟ್ ಕೂರಿಸೋದು! ಒಂದು ಹಲ್ಲು ಆಚೀಚೆ ಆದ್ರೂ ಇಂಜಿನ್ ಢಮಾರ್!"

'ಅಯ್ಯೋ, ನಾಳೆಯ ಡ್ಯೂಟಿ!' ಅವನು ಮತ್ತೆ ಇಂಜಿನ್ ಮೇಲೆ ಬಗ್ಗಿದ. ಅವಳು ಪಕ್ಕದಲ್ಲೇ ನಿಂತು ಟಾರ್ಚ್ ಹಿಡಿದಳು. ಅವನು ಚಕ್ರಗಳ ಅಂಚಿನಲ್ಲಿ ಕಂಪನಿಯವರೇ ಕೊರೆದಿದ್ದ ಸಣ್ಣ ಗೀರುಗಳನ್ನು ಬೆರಳಲ್ಲಿ ತಡವಿ ಹುಡುಕಿದ. ಬೆಲ್ಟ್ ಹಾಕಿದ, ಇಂಜಿನ್ ಅನ್ನು ಕೈಯಿಂದಲೇ ಎರಡು ಸುತ್ತು ತಿರುಗಿಸಿದ. ಸರಿಬರಲಿಲ್ಲ... ಬಿಚ್ಚಿದ. ಮತ್ತೆ ಹಾಕಿದ, ಮತ್ತೆ ಬಿಚ್ಚಿದ.

'ಬೈದಿದ್ದರಾದರೂ ಚೆನ್ನಾಗಿತ್ತು...' ಅವಳ ಕಣ್ಣು ತುಂಬಿ ಬಂತು.

ಮೂರನೇ ಸಲ ಗೀರುಗಳು ಸರಿಯಾಗಿ ಕೂಡಿದವು. ಸಂಜೆ ಅವನು ಕೀ ತಿರುಗಿಸಿದ. ಇಂಜಿನ್ ಗುಂಯ್ ಎಂದಿತು!

"ಕೋಪ ಬಂದಿದ್ರೆ ಬೈದುಬಿಡಿ," ಎಂದಳು.

"ಕೋಪಾನಾ? ಬೆಲ್ಟಿನ ಹಲ್ಲು ಎಣಿಸ್ತಿದ್ದೆ ರೀ. ನೀವು ಅಷ್ಟು ಹತ್ತಿರ ನಿಂತ್ರೆ ಎಣಿಕೆ ತಪ್ದೆ ಇನ್ನೇನಾಗುತ್ತೆ?" ಅವನ ಕಿವಿ ಕೆಂಪಾಯಿತು.

ಅವಳಿಗೆ ಅಳುವಿನ ನಡುವೆಯೇ ನಗು ಬಂತು.

ಹೊರಡುವ ಮುಂಚೆ ಅವನು ಬಾನೆಟ್ ಒಳಗೆ ಚೀಟಿ ಅಂಟಿಸಿದ. 'ಮುಂದಿನ ಬೆಲ್ಟ್: ಐದು ವರ್ಷಕ್ಕೆ.'

"ಐದು ವರ್ಷ ಆದ್ಮೇಲೇನಾ ಮತ್ತೆ ಬರೋದು?" ಅವಳ ದನಿ ಸಣ್ಣಗಾಯಿತು. "ಅಷ್ಟು ದಿನ ಕಾಯೋಕೆ ನನ್ನಿಂದಾಗಲ್ಲ..."

"ನೀವು ಹೊರಡೋ ಮುಂಚೆ ಕೂಲಂಟ್ ನೀರು ಸೋರಿದೆಯಾ ನೋಡ್ಬೇಕು. ಬೆಳಗ್ಗೆ ನಾಲ್ಕೂವರೆಗೆ ಬರ್ತೀನಿ."

"ಅಷ್ಟು ಬೇಗಾನಾ? ಕೂಲಂಟ್‌ಗೋಸ್ಕರ?"

"ಅಲ್ಲ..." ಮೌನಿಬಾಬಾ ತಲೆ ಎತ್ತಿದ. "ನಿಮಗೋಸ್ಕರ."

"ಹಾಗಾದ್ರೆ ನಾಲ್ಕಕ್ಕೇ ಬನ್ನಿ. ಟಾರ್ಚ್ ನಾನೇ ಹಿಡೀತೀನಿ."