ಮೂರನೇ ಸೀಸೆ

"ಲಕೋಟೆ ನೀವೇ ಒಡೀರಿ, ಮೇಡಮ್."

ಮೂರು ವರ್ಷದ ಮೇಲೆ ಅವಿನಾಶ ಆಡಿದ ಮೊದಲ ಮಾತು! ಕ್ಯಾರೊಲಿನಳ ಮೈ ಉರಿದುಹೋಯಿತು.

ಉಣ್ಣೆ ಹುಳ ಕಚ್ಚಿ ಕರುಗಳನ್ನು ಕೊಲ್ಲುವ ಜ್ವರಕ್ಕೆ ಬೀದರದ ಆ ಪ್ರಯೋಗಾಲಯದಲ್ಲಿ ಲಸಿಕೆ ತಯಾರಾಗುತ್ತಿತ್ತು. ಅದಕ್ಕೆ ಬಲ ಬರಲೆಂದು ಸತ್ತ ಬ್ಯಾಕ್ಟೀರಿಯಾದ ಸತ್ವ ಬೆರೆಸಿದವಳು ಕ್ಯಾರೊಲಿನ. ಔರಾದದ ಆಚೆ, ಚಿಂತಾಕಿಯ ಕರುಗಳಿಗೆ ಕೊಟ್ಟಾಗ ಅದು ಕೆಲಸ ಮಾಡಲಿಲ್ಲ. "ಈ ಬೆರಕೆಗೆ ಬಲವಿಲ್ಲ" ಎಂದು ವರದಿಯಲ್ಲಿ ಒಂದೇ ಸಾಲು ಬರೆದು ಅವಳ ಕೆಲಸಕ್ಕೆ ಕಲ್ಲು ಹಾಕಿದವನು, ಅಲ್ಲಿ ಪರೀಕ್ಷೆ ನಡೆಸಿದ ಇದೇ ಅವಿನಾಶ. ಮದುವೆ ಮಾತಿಗೆ ತನ್ನೂರು ಭಾತಂಬ್ರಾದಿಂದ ಅವ್ವನನ್ನು ಕರೆತರುತ್ತೇನೆ ಎಂದಿದ್ದವನು! ಬೆನ್ನಿಗೆ ಚೂರಿ ಹಾಕುವವರು ನಗುನಗುತ್ತಲೇ ಬರುತ್ತಾರೆ ನೋಡಿ.

ಅಂದಿನಿಂದ ಚರ್ಚಿನ ಪ್ರಾರ್ಥನೆಯಲ್ಲಿ ತಪ್ಪು ಮಾಡಿದವರನ್ನು ಕ್ಷಮಿಸುವ ಮಾತು ಬಂದಾಗ ಅವಳು ತುಟಿ ಬಿಗಿಹಿಡಿಯುತ್ತಿದ್ದಳು.

ಈಗ ಅವನ ಹೊಸ ಬೆರಕೆಯ ಪರೀಕ್ಷೆ, ತೀರ್ಪು ಅವಳದು. ಯಾರದು ಯಾವುದೆಂದು ತಿಳಿಯದಂತೆ ಮೂರು ಸೀಸೆಗಳ ಮೇಲೆ ಬರೀ ಅಂಕಿ, ಹೆಸರು ಲಕೋಟೆಯೊಳಗೆ. ಮೊದಲೆರಡು ಸಪ್ಪೆ. ಮೂರನೆಯದನ್ನು ಪಡೆದ ಕರುಗಳು ಮಾತ್ರ ಜ್ವರವನ್ನು ಗೆದ್ದಿದ್ದವು.

'ದೇವರೇ, ಅವನು ಸೋತಿರಲಿ...' ಲಕೋಟೆ ಹರಿದಳು.

ಒಂದು, ಬರೀ ಲಸಿಕೆ. ಎರಡು, ಅವಿನಾಶ. ಮೂರು... ಕ್ಯಾರೊಲಿನ!

ಸೇಡು ತೀರಿತ್ತು. ಆದರೂ ಅವಳು ಚೀಟಿಯನ್ನು ಅವನ ಮುಂದೆ ಹಿಡಿದಳು.

"ನನ್ನದು ಯಾಕ ಇಟ್ರಿ?"

"ನಿಮ್ಮದು ಕೆಟ್ಟದ್ದಲ್ಲಂತ ಅವಾಗೇ ಗೊತ್ತಿತ್ರಿ. ಚಿಂತಾಕಿಗಿ ಬರೋದ್ರಾಗ ಸೀಸೆ ಹೆಪ್ಪುಗಟ್ಟಿತ್ತು. ಹಂಗಾದ್ರ ಅದರ ಬಲ ಹೋಗ್ತದ."

ಅಂದು ಸೀಸೆಗಳನ್ನು ಮಂಜುಗಡ್ಡೆಯ ಡಬ್ಬಿಯಲ್ಲಿಟ್ಟು ಕಟ್ಟಿದವರು ಯಾರೆಂದು ಅವಳು ಕೇಳಬೇಕಾಗಿರಲಿಲ್ಲ. ಅವಳ ಅಪ್ಪ ನತಾನಿಯೇಲ, ಆಗ ಪ್ರಯೋಗಾಲಯದ ಅಟೆಂಡರ್. "ಬರ್ಫಿನ್ಯಾಗೇ ಹುಗದೇನಿ ಬೇಟಾ, ಬಿಸಿಲು ಹತ್ತಂಗಿಲ್ಲ" ಎಂದಿದ್ದರು. ಸೀಸೆಗೂ ಮಂಜುಗಡ್ಡೆಗೂ ನಡುವೆ ಕಾಗದ ಇಡಬೇಕೆಂಬುದನ್ನು ಮಗಳ ಮೇಲಿನ ಅಕ್ಕರೆ ಮರೆಸಿತ್ತು.

"ಯಾಕ ಹೇಳಲಿಲ್ಲ?"

"ನಿಮ್ಮ ಪಪ್ಪಾ ಕೈ ಹಿಡಕೊಂಡು ಅತ್ತರು. ನೌಕರಿ ಹೋಗ್ತದ, ಮಗಳಿಗಿ ಮಾರಿ ಹ್ಯಾಂಗ ತೋರಿಸ್ಲಿ ಅಂದ್ರು... ಹೋದ ತಿಂಗಳ ರಿಟೈರ್ ಆದ್ರಲ್ಲ, ಈಗ ಅವರೇ ಖರೇ ಸಂಗತಿ ಬರಿ ಅಂದಾರ."

ಅವನು ಕಿಸೆಯಿಂದ ತಿದ್ದಿದ ವರದಿ ತೆಗೆದ. ಕೆಳಗೆ ಅಪ್ಪನ ಸಹಿಯೂ ಇತ್ತು.

ಅವಳಿಗೆ ಅಪ್ಪನ ಮೇಲೆ ಸಿಟ್ಟು, ಇವನ ಮೇಲೆ ಅದರ ಎರಡರಷ್ಟು. ಕಣ್ಣು ಮಾತ್ರ ತುಂಬಿ ಬಂತು.

"ಮೂರು ವರ್ಷ ನನಗ ಸುಟ್ಟೀರಿ. ಸುಮ್ಮನ ಬಿಡಂಗಿಲ್ಲ. ಇನ್ನ ಮ್ಯಾಲ ಡಬ್ಬಿ ನಾ ಕಟ್ತೇನಿ, ನೀವು ಹೊರಬೇಕು."

"ಎಲ್ಲಿ ತನಕರಿ?"

"ನನ್ನ ಸಿಟ್ಟು ಇಳಿಯೋ ತನಕ."

ಅವನು ಅಲ್ಲೇ ಇದ್ದ ಖಾಲಿ ಡಬ್ಬಿಯನ್ನು ಹೆಗಲಿಗೇರಿಸಿದ.

"ಹಂಗಾದ್ರ ಅದು ಇಳಿಯೋದೇ ಬ್ಯಾಡ್ರಿ."