ಗಿಟಾರಿನ ಅರ್ಥ

“ಹಾಡಿನ ಅರ್ಥ ಎಲ್ಲದ?” ಮಹಾರುದ್ರಪ್ಪ ಸರ್ ಖಾಲಿ ಹಾಳೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು.

“ಇದಕ್ಕ ಮಾತೇ ಇಲ್ರಿ ಸರ್. ಬರೇ ಗಿಟಾರ್, ಡ್ರಮ್ ಅದಾವ್ರಿ,” ಎಂದಳು ಐದನೇ ಕ್ಲಾಸಿನ ಸುಗಂಧಾ.

ಗೆಳತಿ ರಾಬಿಯಾಳ ಅಣ್ಣ ಹೈದರಾಬಾದಿನಿಂದ ಇಂಗ್ಲಿಷ್ ಪಾಪ್ ತಂಡವೊಂದರ ಕ್ಯಾಸೆಟ್ ತಂದಿದ್ದ. ಒಂಬತ್ತು ಹಾಡು, ಹತ್ತನೆಯದು ಬರೀ ವಾದ್ಯ. ಆ ಹತ್ತನೆಯದಕ್ಕೇ ಇಬ್ಬರೂ ತಿಂಗಳಿಡೀ ಮಾಳಿಗೆಯ ಮೇಲೆ ಕುಣಿದು ಕಲಿತಿದ್ದರು. ಶಾಲೆಯ ವಾರ್ಷಿಕೋತ್ಸವಕ್ಕೆ, ಅಂದರೆ ಗ್ಯಾದರಿಂಗಿಗೆ, ಎರಡೇ ದಿನ ಬಾಕಿ.

ಹೋದ ವರ್ಷ ಯಾರೋ ಸಿನಿಮಾ ಹಾಡಿಗೆ ಸೊಂಟ ಕುಣಿಸಿದ್ದಕ್ಕೆ ಮುಂದಿನ ಸಾಲಿನ ಹಿರಿಯರು ಎದ್ದು ಹೋಗಿದ್ದರು. ಅಂದಿನಿಂದ ಹುಮನಾಬಾದಿನ ಆ ಶಾಲೆಯಲ್ಲಿ ಒಂದು ರೂಲು: ಹಾಡಿನ ಅರ್ಥ ಬರೆದು ಕೊಡದೆ ಕುಣಿಯುವಂತಿಲ್ಲ.

“ಟೇಪ್ ತಂದೀನ್ರಿ. ಒಮ್ಮೆ ಕೇಳ್ರಿ ಸರ್.”

“ಕೇಳೋದು ನನ್ನ ಕೆಲಸ ಅಲ್ಲವ್ವಾ. ಓದೋದು ನನ್ನ ಕೆಲಸ. ನಾಳೆ ಅರ್ಥ ಬರಲಿಲ್ಲಂದ್ರ ನಿಮ್ಮಿಬ್ಬರ ಹೆಸರು ಕಟ್.”

ಸಂಜೆ ಸುಗಂಧಾ ನೋಟ್‌ಬುಕ್ಕಿನಲ್ಲಿ ಬರೆದಳು: ‘ದಿನಾಲು ಹಲ್ಲು ತಿಕ್ಕು. ಉಗುರು ಕತ್ತರಿಸು. ಗುರುಗಳಿಗೆ ನಮಸ್ಕಾರ ಮಾಡು.’

“ಇಂಗ್ಲಿಷ್ ಹಾಡಿನ್ಯಾಗ ಹಲ್ಲು ತಿಕ್ತಾರೇನೇ?” ಎಂದಳು ರಾಬಿಯಾ.

“ನಾಳೆತನಕ ತಿಕ್ತಾರ.”

ಮರುದಿನ ಸರ್ ಓದಿದರು, ಒಂದು ಒತ್ತಕ್ಷರ ತಿದ್ದಿದರು, ಸಹಿ ಹಾಕಿದರು. “ನೋಡು, ವಿಲಾಯತಿ ಮಂದಿಗೂ ಗುರುಭಕ್ತಿ ಅದ. ಮಾತೇ ಇಲ್ಲಂತ ನಿನ್ನೆ ಯಾಕ ಸುಳ್ಳು ಹೇಳಿದಿ?”

“ತಪ್ಪಾಯ್ತ್ರಿ ಸರ್.”

ಗ್ಯಾದರಿಂಗಿನ ದಿನ ಗಿಟಾರ್ ಶುರುವಾಯಿತು. ಇನ್ನೇನು ಸರ್ ಎದ್ದು ಟೇಪ್ ಬಂದ್ ಮಾಡಿಸುತ್ತಾರೆ ಎಂದು ಸುಗಂಧಾ ಕುಣಿಯುತ್ತಲೇ ಮುಂದಿನ ಸಾಲಿನತ್ತ ನೋಡಿದಳು. ಸರ್ ಏಳಲಿಲ್ಲ. ಅವಳ ನೋಟ್‌ಬುಕ್ ಬಿಚ್ಚಿಕೊಂಡು, ಪಕ್ಕದಲ್ಲಿದ್ದ ಮುಖ್ಯ ಅತಿಥಿಗೆ ಒಂದೊಂದೇ ಸಾಲನ್ನು ಬೆರಳಿಟ್ಟು ತೋರಿಸುತ್ತಿದ್ದರು. ಅತಿಥಿ ತಲೆದೂಗುತ್ತಿದ್ದರು.

ಕುಣಿತ ಮುಗಿದ ಮೇಲೆ ಅತಿಥಿ ಮೈಕ್ ಹಿಡಿದರು. “ಗುರುಗಳ ಮ್ಯಾಲಿನ ಆ ಸಾಲು ಎಷ್ಟು ಚಲೋ ಹಾಡ್ಯಾರ್ರಿ. ನನ್ನ ಕಣ್ಣಾಗ ನೀರೇ ಬಂತು.”

ಎಲ್ಲರೂ ಚಪ್ಪಾಳೆ ತಟ್ಟಿದರು. ಮಹಾರುದ್ರಪ್ಪ ಸರ್ ಎಲ್ಲರಿಗಿಂತ ಜೋರಾಗಿ ತಟ್ಟಿದರು.

ಪರದೆಯ ಹಿಂದೆ ರಾಬಿಯಾ ಬಾಯಿಗೆ ಓಢಣಿ ತುರುಕಿಕೊಂಡು ನಕ್ಕಳು. ಸುಗಂಧಾ ನಗಲಿಲ್ಲ. ಜೂನ್ ತಿಂಗಳಲ್ಲಿ ಇದೇ ಸರ್ ‘ನಿನ್ನ ದನಿ ಚಲೋ ಇಲ್ಲ’ ಎಂದು ಅವಳನ್ನು ಪ್ರಾರ್ಥನೆ ಹಾಡುವ ಸಾಲಿನಿಂದ ತೆಗೆದಿದ್ದರು. ಅಂದಿನಿಂದ ಅವಳು ಮನೆಯಲ್ಲೂ ಬಾಯಿ ಬಿಟ್ಟು ಹಾಡಿರಲಿಲ್ಲ.

ಮನೆಗೆ ಹೋಗುವಾಗ ಅವಳು ಆ ಹತ್ತನೆಯದನ್ನು ದಾರಿಯುದ್ದಕ್ಕೂ ‘ಲಾ ಲಾ’ ಎಂದು ಹಾಡಿದಳು. ಸರ್ ಮನೆಯ ಮುಂದೆ ಇನ್ನಷ್ಟು ಜೋರಾಗಿ.