ಹನ್ನೊಂದು ಗ್ರಾಂ ಹೆಚ್ಚು

ಶಾಂತಲಾಳ ಬ್ಯಾಗಿನಲ್ಲಿ ಡ್ರೈವರ್ ಇರಲಿಲ್ಲ.

ಉಳಿದ ಹದಿಮೂರು ಗಾಲ್ಫ್ ಕ್ಲಬ್ಬುಗಳು ಇದ್ದವು. ಡ್ರೈವರ್ ಅಂದರೆ ಎಲ್ಲಕ್ಕಿಂತ ಉದ್ದದ್ದು, ದಪ್ಪ ತಲೆಯದ್ದು, ಅತಿ ದೂರ ಹೊಡೆಯುವುದು. ಸೋಮವಾರ ಬೆಳಿಗ್ಗೆ ಏಳಕ್ಕೆ ಶೆಡ್ಡಿನ ನೆಲದ ಮೇಲೆ ಬ್ಯಾಗು ಸುರಿದು ಅವಳು ಎರಡನೇ ಸಲ ಎಣಿಸಿದಳು. ಹದಿಮೂರೇ.

ಗುರುವಾರ ಬೆಂಗಳೂರಿನಲ್ಲಿ ರಾಜ್ಯ ತಂಡದ ಆಯ್ಕೆ. ಇಪ್ಪತ್ತೊಂದರ ಒಳಗಿನ ಹುಡುಗಿಯರಿಗೆ. ಡಿಸೆಂಬರಿಗೆ ಶಾಂತಲಾಗೆ ಇಪ್ಪತ್ತೊಂದು ತುಂಬುತ್ತದೆ. ಮುಂದಿನ ವರ್ಷ ಅವಳ ಹೆಸರನ್ನು ಯಾರೂ ಬರೆದುಕೊಳ್ಳುವುದಿಲ್ಲ.

ಶೆಡ್ಡು ಇದ್ದದ್ದು ಸೂಳೆಕೆರೆಯ ಹಿನ್ನೀರಿನ ಪಕ್ಕ. ನಿವೃತ್ತ ಸುಬೇದಾರ್ ಕಲ್ಲೇಶಪ್ಪ ತಮ್ಮ ಮೂರು ಎಕರೆಗೆ ಬಲೆ ಕಟ್ಟಿ ಅಭ್ಯಾಸದ ಮೈದಾನ ಮಾಡಿದ್ದರು. ಸೇನೆಯಲ್ಲಿ ಕಲಿತ ಆಟವನ್ನು ಇಲ್ಲಿ ನಾಲ್ಕೈದು ಮಂದಿಗೆ ಕಲಿಸುತ್ತಿದ್ದರು. ಬಲೆ ದಾಟಿ ನೀರಿಗೆ ಬಿದ್ದ ಚೆಂಡುಗಳನ್ನು ಮೀನು ಹಿಡಿಯುವವರು ತಂದುಕೊಡುತ್ತಿದ್ದರು.

ಕಲ್ಲೇಶಪ್ಪ ಏಳೂವರೆಗೆ ಬಂದರು. ಆರಡಿ ಆಳು. ಬಾಗಿಲಲ್ಲೇ ನಿಂತರು.

"ಇವತ್ತು ಸೋಮವಾರ ಅಲ್ಲೇನಮ್ಮ? ರಜೆ."

"ಗುರುವಾರ ಆಯ್ಕೆ ಐತಲ್ಲ ಸರ್. ಕೊಟ್ರೇಶಣ್ಣಗೆ ಶನಿವಾರನೇ ಹೇಳಿದ್ದೆ, ಬಾಗಿಲು ತೆಗಿ ಅಂತ."

ಕೊಟ್ರೇಶ್ ಅಲ್ಲೇ ಚೆಂಡಿನ ಬುಟ್ಟಿ ಹಿಡಿದು ನಿಂತಿದ್ದ. ಮೈದಾನ ನೋಡಿಕೊಳ್ಳುವವನು. ತಾನೂ ಆಡುತ್ತಿದ್ದ.

"ಡ್ರೈವರ್ ಕಳುವಾಗೈತೆ ಸರ್. ಪೊಲೀಸರಿಗೆ ಹೇಳ್ತೀನಿ," ಅಂದಳು ಶಾಂತಲಾ.

"ಪೊಲೀಸು ಗಿಲೀಸು ಯಾಕೆ? ಎಲ್ಲೋ ಇರ್ತದೆ. ಹುಡುಕಾಣ. ನನ್ನ ಹಳೇದು ಐತಲ್ಲ, ಅದರಲ್ಲಿ ಹೊಡಿ."

ಅವಳು ಪರ್ಸು ಎತ್ತಿಕೊಂಡು ಹೊರಟಳು. ಚನ್ನಗಿರಿ ಬಸ್ಸು ಹತ್ತಿದಳು.

* * *

ಸಬ್ ಇನ್‌ಸ್ಪೆಕ್ಟರ್ ನಾಗರತ್ನ ಜಗಳೂರು ಕಡೆಯವರು. ಚನ್ನಗಿರಿ ಠಾಣೆಗೆ ಬಂದು ಎಂಟು ತಿಂಗಳಾಗಿತ್ತು. ದೂರು ಕೇಳಿ ಪೆನ್ನು ಕೆಳಗಿಟ್ಟರು.

"ಹದಿಮೂರು ಉಳಿದಾವಲ್ಲ. ಅದರಲ್ಲೊಂದು ತಗಂಡು ಹೊಡಿಯಾಕೆ ಆಗಲ್ವಾ?"

"ನಮ್ಮಮ್ಮ ನ್ಯಾಮತಿಯಲ್ಲಿ ಬಟ್ಟೆ ಹೊಲಿತಾಳೆ ಮೇಡಂ. ನಿಮ್ಮ ಯೂನಿಫಾರಂ ನಿಮ್ಮ ಅಳತೆಗೇ ಹೊಲಿಸಿದ್ದಾ?"

"ಇಲ್ಲ. ಹಳೇ ಅಳತೆ. ಭುಜ ಹಿಡಿತೈತೆ."

"ಭುಜ ಹಿಡಿದ್ರೆ ಕೈ ಎಷ್ಟು ಮೇಲೆ ಹೋಗ್ತದೆ? ಇದೂ ಹಂಗೇ."

ಕಾನ್‌ಸ್ಟೇಬಲ್ ಅಂಜಿನಪ್ಪ ಕಿಟಕಿಯ ಕಡೆ ಮುಖ ತಿರುಗಿಸಿ ನಕ್ಕ. ನಾಗರತ್ನ ನಗಲಿಲ್ಲ. ಪೆನ್ನು ಎತ್ತಿಕೊಂಡರು. "ಹೇಳು."

ಶಾಂತಲಾ ಹೇಳಿದಳು. ನಾಲ್ಕು ವರ್ಷ ಅವಳು ಸುಬೇದಾರರ ಹಳೆಯ ಡ್ರೈವರನ್ನೇ ಕತ್ತರಿಸಿ ಗಿಡ್ಡ ಮಾಡಿಕೊಂಡು ಆಡಿದ್ದಳು. ಕತ್ತರಿಸಿದರೆ ಕೋಲು ಗಿಡ್ಡವಾಗುತ್ತದೆ, ಮೃದುವಾಗುವುದಿಲ್ಲ. ಇನ್ನೂ ಬಿರುಸಾಗುತ್ತದೆ. ಚೆಂಡು ಯಾವಾಗಲೂ ಬಲಕ್ಕೆ ಹೋಗುತ್ತಿತ್ತು. ತಪ್ಪು ತನ್ನ ಕೈಯದ್ದೇ ಅಂದುಕೊಂಡಿದ್ದಳು. ಹೋದ ತಿಂಗಳು ಬೆಂಗಳೂರಿನ ಗುರುಸ್ವಾಮಿ ಎಂಬುವರ ಹತ್ತಿರ ಅಳತೆ ಕೊಟ್ಟಳು. ಅವರು ಮಣಿಕಟ್ಟಿನಿಂದ ನೆಲದವರೆಗೆ ಅಳೆದರು. ಯಂತ್ರದ ಮುಂದೆ ಅರವತ್ತು ಚೆಂಡು ಹೊಡೆಸಿದರು. ಆರು ಬಗೆಯ ಶಾಫ್ಟು, ಅಂದರೆ ಕೋಲಿನ ಭಾಗ, ಬದಲಾಯಿಸಿ ನೋಡಿದರು.

"ಅತಿ ದೂರ ಹೋದದ್ದನ್ನ ತಗಂಡ್ರಾ?"

"ಇಲ್ಲ ಮೇಡಂ. ಹತ್ತರಲ್ಲಿ ಎಂಟು ಚೆಂಡು ಒಂದೇ ಕಡೆ ಬಿದ್ದದ್ದನ್ನ. ಒಂದ್ಸಲ ದೂರ ಹೋಗೋದು ಯಾರಿಗೆ ಬೇಕು ಅಂದ್ರು."

ಅಳತೆಯ ಹಾಳೆ ಅವಳ ಪರ್ಸಿನಲ್ಲಿತ್ತು. ಉದ್ದ ನಲವತ್ತಮೂರೂವರೆ ಇಂಚು. ತೂಕ ಇನ್ನೂರ ಎಂಬತ್ತನಾಲ್ಕು ಗ್ರಾಂ. ಮೃದು ಶಾಫ್ಟು. ತೆಳು ಹಿಡಿ. ತಲೆಯ ಕೋನ ಹನ್ನೆರಡು ಡಿಗ್ರಿ. ಹಾಳೆಯ ಜೊತೆ ಬೆರಳುದ್ದದ ಒಂದು ಕೀಲಿ.

"ಇದೇನು?"

"ತಲೆ ಬಿಚ್ಚಾಕೆ. ಸ್ಕ್ರೂ ಇರ್ತದೆ. ಬಿಚ್ಚಿ ಬೇರೆ ಗುರುತಿಗೆ ಕೂರಿಸಿದ್ರೆ ಕೋನ ಬದಲಾಗ್ತದೆ, ಕಮ್ಮಿ ಆದ್ರೆ ಚೆಂಡು ತಗ್ಗಾಗಿ ಹೋಗ್ತದೆ. ನಾನು ಇದನ್ನ ಶೆಡ್ಡಲ್ಲಿ ಬಿಡಲ್ಲ. ಬ್ಯಾಗು ಮಾತ್ರ ಬಿಡ್ತೀನಿ, ಬಸ್ಸಲ್ಲಿ ಹಿಡಿಸಲ್ಲ."

"ಶೆಡ್ಡಿನ ಬೀಗ?"

"ಒಡೆದಿರಲಿಲ್ಲ. ಭಾನುವಾರ ಮಧ್ಯಾಹ್ನ ನಾನು ಹೊರಟಾಗ ಡ್ರೈವರ್ ಬ್ಯಾಗಿನಲ್ಲೇ ಇತ್ತು."

"ಬೀಗದ ಕೈ ಯಾರ್ಯಾರ ಹತ್ರ ಐತೆ?"

"ಸರ್ ಹತ್ರ. ಕೊಟ್ರೇಶಣ್ಣನ ಹತ್ರ."

* * *

ಮಧ್ಯಾಹ್ನದ ಹೊತ್ತಿಗೆ ಕೊಟ್ರೇಶನ ಮೇಲೆ ಅನುಮಾನ ಗಟ್ಟಿಯಾಯಿತು. ಕೆರೆ ಏರಿಯ ತಿರುವಿನಲ್ಲಿ ಚಹಾ ಅಂಗಡಿ ಇಟ್ಟಿದ್ದ ಶಂಕ್ರಮ್ಮ ಕಣ್ಣಾರೆ ಕಂಡಿದ್ದಳು.

"ಭಾನುವಾರ ಸಂಜೆ ಹೋದ ನೋಡ್ರಿ. ಬೈಕಿಗೆ ಉದ್ದಕ್ಕೆ ಕರೀ ಚೀಲ ಕಟ್ಟಿದ್ದ. ಕೂಗಿದೆ, ನಿಲ್ಲಿಸಲಿಲ್ಲ. ಬೇರೆ ದಿನ ಎರಡು ಚಹಾ ಕುಡಿದೇ ಹೋಗೋನು."

ಕೊಟ್ರೇಶನನ್ನು ಠಾಣೆಯ ಬೆಂಚಿನ ಮೇಲೆ ಕೂರಿಸಿದರು.

"ಚೀಲದಾಗೆ ಏನಿತ್ತು?"

"ದೋಟಿ ಮೇಡಂ."

"ಎಂಥದ್ದು?"

ಅಂಜಿನಪ್ಪ ಬಾಯಿ ಹಾಕಿದ. "ಅಡಿಕೆ ಗೊನೆ ಇಳಿಸೋ ಕೋಲು ಮೇಡಂ. ಈಗೆಲ್ಲ ಕಾರ್ಬನ್ ಫೈಬರಿಂದು. ತುಂಡು ತುಂಡು ಸೇರಿಸಿದ್ರೆ ಅರವತ್ತು ಅಡಿ ಆಗ್ತದೆ."

"ಶಂಕ್ರಮ್ಮ ಕೂಗಿದ್ರೆ ಯಾಕೆ ನಿಲ್ಲಿಸಲಿಲ್ಲ?"

"ನಮ್ಮ ಮಾವಂದು ದೋಟಿ ಅದು. ಹೊನ್ನಾಳಿಯಲ್ಲಿ ಅವರ ಮನೆಯಿಂದ ಕೇಳದೆ ತಂದಿದ್ದೆ. ಶಂಕ್ರಮ್ಮನಿಗೆ ಗೊತ್ತಾದ್ರೆ ಅರ್ಧ ಗಂಟೆಗೆ ಹೊನ್ನಾಳಿಗೆ ಸುದ್ದಿ ಮುಟ್ಟುತ್ತೆ."

ಅಂಜಿನಪ್ಪ ಕೊಟ್ರೇಶನ ಮನೆಗೆ ಹೋಗಿ ನೋಡಿ ಬಂದ. ಕರಿ ಚೀಲ, ಆರು ತುಂಡು ದೋಟಿ, ಗೋಡೆಗೆ ಒರಗಿತ್ತು. ಡ್ರೈವರ್ ಇರಲಿಲ್ಲ. ಕೊಟ್ರೇಶನನ್ನು ಕಳಿಸಿದರು. ಅನುಮಾನ ಮಾತ್ರ ಉಳಿಯಿತು.

* * *

ಮಂಗಳವಾರ ಬೆಳಿಗ್ಗೆ ಡ್ರೈವರ್ ಸಿಕ್ಕಿತು. ಶೆಡ್ಡಿನ ಹಿಂದಿನ ಕಾಲುವೆಯಲ್ಲಿ, ಕವರಿನ ಸಮೇತ. ಕಂಡವನು ಕೊಟ್ರೇಶ್.

"ನೀನೇ ಕಳೆದಿ, ನೀನೇ ಹುಡುಕಿದಿ," ಅಂದ ಅಂಜಿನಪ್ಪ.

"ಹುಡುಕದೆ ಬಿಟ್ಟಿದ್ರೂ ನೀವು ಬಿಡ್ತಿರಲಿಲ್ಲ ಬಿಡ್ರಿ," ಅಂದ ಕೊಟ್ರೇಶ್.

ಕಲ್ಲೇಶಪ್ಪ ಎಲ್ಲರಿಗಿಂತ ಜೋರಾಗಿ ಉಸಿರು ಬಿಟ್ಟರು. "ನಾನು ಹೇಳಲಿಲ್ವೇ? ಎಲ್ಲೋ ಇರ್ತದೆ ಅಂತ. ನಾಯಿ ಎಳೆದಿರ್ತದೆ. ಮುಗೀತು ಮೇಡಂ. ಆಕೆ ಅಭ್ಯಾಸ ಮಾಡ್ಲಿ."

ಶಾಂತಲಾ ಚೆಂಡಿಟ್ಟು ಹೊಡೆದಳು. ಚೆಂಡು ತಗ್ಗಾಗಿ ಹಾರಿ ಬಲಕ್ಕೆ ತಿರುಗಿತು. ಎರಡನೆಯದೂ ಬಲಕ್ಕೆ. ಮೂರನೆಯದು ಬಲೆಯ ಅಂಚು ದಾಟಿ ನೀರಿಗೆ ಬಿತ್ತು.

"ಇದು ನನ್ನದಲ್ಲ," ಅಂದಳು.

"ನಿಂದೇ ಕಣಮ್ಮ. ತಲೆ ಮೇಲಿನ ಗೀರು ನೋಡು. ಹೆದರಿಕೆಗೆ ಕೈ ಬಿಗಿ ಹಿಡಿದೀಯ," ಅಂದರು ಕಲ್ಲೇಶಪ್ಪ.

"ಸರ್, ನಾಲ್ಕು ವರ್ಷ ಬಲಕ್ಕೆ ಹೊಡೆದೋಳು ನಾನು. ಆ ಹೊಡೆತ ನನಗೆ ಗುರುತು ಸಿಗ್ತದೆ. ಒಂದು ತಿಂಗಳಿಂದ ಅದು ಬಂದಿರಲಿಲ್ಲ."

ಅವಳ ಕಣ್ಣಲ್ಲಿ ನೀರು ತುಂಬಿತು. ಬೀಳಲಿಲ್ಲ. ನಾಗರತ್ನ ಡ್ರೈವರನ್ನು ಅವಳ ಕೈಯಿಂದ ತೆಗೆದುಕೊಂಡರು.

"ಹಾಳೆ ಕೊಡು," ಅಂದರು.

* * *

ಗ್ರಾಂ ಲೆಕ್ಕದ ತಕ್ಕಡಿ ಇದ್ದದ್ದು ಚನ್ನಗಿರಿಯ ಬಂಗಾರದ ಅಂಗಡಿಯಲ್ಲಿ. ಅಂಗಡಿಯವರು ಉದ್ದನೆಯ ಕೋಲನ್ನು ಕಂಡು ಮೊದಲು ಗಾಜಿನ ಪೆಟ್ಟಿಗೆಗಳನ್ನು ಒಳಗೆ ಸರಿಸಿದರು. ಆಮೇಲೆ ತೂಗಿದರು.

ಇನ್ನೂರ ತೊಂಬತ್ತೈದು. ಹಾಳೆಯಲ್ಲಿ ಇನ್ನೂರ ಎಂಬತ್ತನಾಲ್ಕು.

"ಹನ್ನೊಂದು ಗ್ರಾಂ ಹೆಚ್ಚು," ಅಂದರು ನಾಗರತ್ನ. "ಕಾಲುವೆಯಲ್ಲಿ ಬಿದ್ದ ಕೋಲು ದಪ್ಪ ಆಗಲ್ಲ."

ಅಂಗಡಿಯವರ ಭೂತಗನ್ನಡಿ ಕೇಳಿ ಪಡೆದರು. ತಲೆ ಮತ್ತು ಕೋಲು ಸೇರುವ ಕಡೆ ಸಣ್ಣ ಅಂಕಿಗಳಿದ್ದವು. ಬಾಣದ ಗುರುತು ಒಂಬತ್ತರ ಮೇಲೆ ನಿಂತಿತ್ತು. ಹಾಳೆಯಲ್ಲಿ ಹನ್ನೆರಡು.

ಅಂಜಿನಪ್ಪ ಜೇಬಿನಿಂದ ನಾಣ್ಯ ತೆಗೆದ. ಕೋಲಿನ ಉದ್ದಕ್ಕೂ ತಟ್ಟುತ್ತ ಬಂದ. ಟಣ್, ಟಣ್, ಟಣ್. ಹಿಡಿಯಿಂದ ಒಂದು ಗೇಣು ಕೆಳಗೆ ಸದ್ದು ಮಂಕಾಯಿತು.

"ಮೇಡಂ, ಇದು ದೋಟಿ ಬೆಸುಗೆ."

"ಹಂಗಂದ್ರೆ?"

"ದೋಟಿ ಮುರಿದ್ರೆ ಒಳಗೆ ಇನ್ನೊಂದು ಸಣ್ಣ ಕೊಳವೆ ತೂರಿಸಿ ಅಂಟು ಹಾಕ್ತಾರೆ. ಮೇಲೆ ಉಜ್ಜಿ ಕರೀ ಬಣ್ಣ ಬಳಿತಾರೆ. ಕಣ್ಣಿಗೆ ಕಾಣಲ್ಲ. ತಟ್ಟಿದ್ರೆ ಗೊತ್ತಾಗ್ತದೆ. ನಮ್ಮೂರಲ್ಲಿ ಹಿಂಗೆ ಮಾಡೋನು ಪಾಪಣ್ಣ ಒಬ್ಬನೇ."

ಪಾಪಣ್ಣನ ಅಂಗಡಿ ಬಸ್ ನಿಲ್ದಾಣದ ಹಿಂದೆ. ಕೊಯ್ಲಿನ ಕಾಲದಲ್ಲಿ ಜನ ಮುರಿದ ದೋಟಿಗಳನ್ನು ಚೀಟಿ ಕಟ್ಟಿ ಬಾಗಿಲಿಗೆ ಒರಗಿಸಿ ಹೋಗುತ್ತಾರೆ, ಸಂಜೆ ಬಂದು ಎತ್ತಿಕೊಂಡು ಹೋಗುತ್ತಾರೆ. ಮಾತುಕತೆ ಇರುವುದಿಲ್ಲ.

"ನಾನೇ ಮಾಡಿದ್ದು," ಅಂದ ಪಾಪಣ್ಣ. "ಸೋಮವಾರ ಬಾಗಿಲು ತೆಗೆದಾಗ ಒರಗಿತ್ತು. ಯಾರು ಇಟ್ರೋ, ಯಾರು ಒಯ್ದ್ರೋ ನೋಡಿಲ್ಲ. ಚೀಟಿಯಲ್ಲಿ 'ಅರ್ಜೆಂಟ್, ಒಂದು ಇಂಚೂ ಕಮ್ಮಿ ಆಗಬಾರದು' ಅಂತಿತ್ತು. ನಗು ಬಂತು. ದೋಟಿಗೆ ಇಂಚಿನ ಲೆಕ್ಕ ಯಾರ್ರೀ ಕೇಳ್ತಾರೆ? ಎಲ್ಲ ಅಡಿನೇ."

"ತಲೆ ಇತ್ತಾ ಇದಕ್ಕೆ?"

"ಎಂಥ ತಲೆ? ಬರೀ ಕೋಲು. ಯಾಕೆ ಮೇಡಂ, ಬೆಸುಗೆ ಬಿಡ್ತಾ? ನಾನು ಹಾಕಿದ್ದು ಬಿಡಲ್ಲ. ಹೊಸದಕ್ಕಿಂತ ಗಟ್ಟಿ ಮಾಡಿ ಕೊಟ್ಟೀನಿ."

"ಅದೇ ಆಗಿರೋದು ಪಾಪಣ್ಣ. ದೋಟಿ ಗಟ್ಟಿ ನಿಲ್ಲಬೇಕು. ಇದು ಬಾಗಬೇಕು."

ಪಾಪಣ್ಣ ಕೋಲನ್ನು ಎರಡೂ ಕೈಯಲ್ಲಿ ಹಿಡಿದು ಬಾಗಿಸಿ ನೋಡಿದ. ಮುಖ ಸಣ್ಣದಾಯಿತು. "ಹೇಳಿದ್ರೆ ಮುಟ್ತಾನೇ ಇರಲಿಲ್ಲ," ಅಂದ.

* * *

ಸಂಜೆ ನಾಲ್ಕಕ್ಕೆ ಶೆಡ್ಡಿನಲ್ಲಿ ಎಲ್ಲರೂ ಸೇರಿದರು. ನಾಗರತ್ನ ಕುರ್ಚಿ ಬೇಡ ಅಂದರು.

"ಕೊಟ್ರೇಶ್, ನಿನ್ನ ಡ್ರೈವರ್ ತಾ."

ತಂದ. ಹಳೆಯದು. ತಲೆಯನ್ನು ಕೋಲಿಗೆ ಅಂಟಿಸಿಬಿಟ್ಟಿದ್ದರು. ಸ್ಕ್ರೂ ಇರಲಿಲ್ಲ, ಕೀಲಿಯ ಮಾತೇ ಇಲ್ಲ.

"ಸುಬೇದಾರ್ರೇ, ನಿಮ್ಮದು."

ಕಲ್ಲೇಶಪ್ಪ ಅಲುಗಲಿಲ್ಲ. ಅಂಜಿನಪ್ಪನೇ ಅವರ ಬ್ಯಾಗು ತಂದ. ಶಾಂತಲಾಳ ಡ್ರೈವರಿನ ಕಂಪನಿಯದೇ. ಅದೇ ಸ್ಕ್ರೂ. ಪಕ್ಕದ ಜೇಬಿನಲ್ಲಿ ಅದೇ ಬೆರಳುದ್ದದ ಕೀಲಿ. ನಾಗರತ್ನ ಬಾಣದ ಗುರುತು ನೋಡಿದರು. ಒಂಬತ್ತು.

"ಹೇಳ್ತೀನಿ ಕೇಳ್ರಿ. ಕೋಲು ಭಾನುವಾರ ಮುರಿದೈತೆ. ಬೆಸುಗೆಗೆ ಹೋದದ್ದು ತಲೆ ಇಲ್ಲದ ಕೋಲು. ತಲೆ ಬಿಚ್ಚಾಕೆ ಈ ಕೀಲಿ ಬೇಕು. ಒಂದು ಈ ಹುಡುಗಿ ಪರ್ಸಿನಲ್ಲಿ, ನ್ಯಾಮತಿಯಲ್ಲಿತ್ತು. ಇನ್ನೊಂದು ನಿಮ್ಮ ಬ್ಯಾಗಿನಲ್ಲಿ. ಮತ್ತೆ ಕೂರಿಸೋವಾಗ ಕೈ ತನ್ನ ರೂಢಿ ಪ್ರಕಾರ ತಿರುಗಿಸಿತು. ಆಕೆಯ ಹನ್ನೆರಡು ಒಂಬತ್ತಾಯ್ತು."

ನಾಗರತ್ನ ಕೀಲಿಯನ್ನು ಕಲ್ಲೇಶಪ್ಪನವರ ಮುಂದೆ ಹಿಡಿದರು.

"ಇನ್ನೊಂದು ಮಾತು. ಸೋಮವಾರ ರಜೆ. ಒಂದು ದಿನದಾಗೆ ಸರಿ ಮಾಡಿಸಿ ಇಟ್ರೆ ಯಾರಿಗೂ ಗೊತ್ತಾಗಲ್ಲ ಅಂತ ಎಣಿಸಿದೋರ ಕೆಲಸ ಇದು. ಆಕೆ ಸೋಮವಾರ ಬರ್ತಾಳೆ ಅಂತ ಕೊಟ್ರೇಶ್‌ಗೆ ಶನಿವಾರನೇ ಗೊತ್ತಿತ್ತು. ನಿಮಗೆ ಗೊತ್ತಿರಲಿಲ್ಲ."

ಕಲ್ಲೇಶಪ್ಪ ಚೆಂಡಿನ ಬುಟ್ಟಿಯ ಮೇಲೆ ಕೂತರು. ಅಷ್ಟು ಎತ್ತರದ ಮನುಷ್ಯ ಒಮ್ಮೆಗೇ ಕುಗ್ಗಿದಂತೆ ಕಂಡರು.

"ಯಾರೂ ಇರಲಿಲ್ಲ. ಅಂಥದ್ದೇನೈತೆ ಇದರಾಗೆ ಅಂತ ತಗಂಡು ನಾಕು ಚೆಂಡು ಹೊಡೆದೆ. ನಾಕೂ ಎಡಕ್ಕೆ ಹೋದ್ವು. ನಲವತ್ತು ವರ್ಷ ಆಡೀನಿ. ಸಿಟ್ಟು ಬಂತು. ಆ ಬಲೆಯ ಕಬ್ಬಿಣದ ಚೌಕಟ್ಟಿಗೆ ಬಡಿದೆ, ಮುರೀತು. ದೂರು ಆಗಿತ್ತಲ್ಲ, ಸರಿ ಮಾಡಿಸಿದ್ದನ್ನ ಬ್ಯಾಗಿಗೆ ಇಡಾಕಾಗದೆ ಕಾಲುವೆಗೆ ಹಾಕಿದೆ."

"ನಿಮ್ಮ ಅಳತೆ ಅಲ್ಲ ಅದು," ಅಂದರು ನಾಗರತ್ನ.

"ಹೌದು. ಅಳತೆ ಪಳತೆ ಏನೂ ಇಲ್ಲ, ಆಡೋದು ಕೈ ಅಂತ ಈಕೆಗೆ ನಾಲ್ಕು ವರ್ಷ ಹೇಳಿದೋನು ನಾನು." ಅವರು ಶಾಂತಲಾಳ ಕಡೆ ನೋಡಿದರು. "ನಿನ್ನ ಹೊಡೆತದಾಗೆ ತಪ್ಪು ಇರಲಿಲ್ಲಮ್ಮ. ನಾನು ಕೊಟ್ಟ ಕೋಲಲ್ಲಿತ್ತು. ಅದನ್ನ ಒಪ್ಪಾಕೆ ಆಗಲಿಲ್ಲ."

ಶಾಂತಲಾ ಅವರ ಎದುರಿಗೆ ಬಂದು ನಿಂತಳು.

"ಮುರಿದದ್ದಕ್ಕೆ ಅಲ್ಲ ಸರ್. ನಿನ್ನೆ ಏಳೂವರೆಗೆ ಹೇಳಿದ್ರೆ ನಿನ್ನೆನೇ ಫೋನ್ ಮಾಡ್ತಿದ್ದೆ. ಇವತ್ತು ಬೆಳಿಗ್ಗೆ 'ಹೆದರಿಕೆಗೆ ಕೈ ಬಿಗಿ ಹಿಡಿದೀಯ' ಅಂದ್ರಲ್ಲ. ಅದಕ್ಕೆ ಸಿಟ್ಟು."

"ತಪ್ಪಾಯ್ತು," ಅಂದರು ಕಲ್ಲೇಶಪ್ಪ.

ಅವಳು ಹೊರಗೆ ಹೋಗಿ ಗುರುಸ್ವಾಮಿಗೆ ಫೋನ್ ಮಾಡಿದಳು. ಸ್ಪೀಕರ್ ಹಾಕಿದ್ದಳು. ಎಲ್ಲರಿಗೂ ಕೇಳಿತು.

"ಕೋಲು ತಾನೇ ಮುರಿದಿರೋದು? ನಿನ್ನ ಅಳತೆ ನನ್ನ ಹತ್ರ ಐತಲ್ಲಮ್ಮ. ಅದೇ ಶಾಫ್ಟು ಅಂಗಡಿಯಲ್ಲೈತೆ. ಇವತ್ತೇ ಅಂಟು ಹಾಕಿಡ್ತೀನಿ. ನಾಳೆ ಮಧ್ಯಾಹ್ನ ತಲೆ ತಗಂಡು ಬಾ. ಬೆಸುಗೆ ಹಾಕಿದ್ದರಲ್ಲಿ ಮಾತ್ರ ಇನ್ನೊಂದು ಚೆಂಡು ಹೊಡೀಬೇಡ. ಅದು ಮುರಿದು ಹಾರಿದ್ರೆ ಎದುರಿಗೆ ನಿಂತೋರ ಗತಿ ನೆನೆಸಿಕೊ."

ಕೊಟ್ರೇಶ್ ನೆಲದ ಮೇಲೆ ಕೂತುಬಿಟ್ಟ. ಬೆಳಿಗ್ಗೆ ಶಾಂತಲಾ ಹೊಡೆಯುವಾಗ ಮುಂದೆ ನಿಂತು ಚೆಂಡು ಎಣಿಸುತ್ತಿದ್ದವನು ಅವನೇ.

"ಶಂಕ್ರಮ್ಮನ ಅಂಗಡಿಗೆ ಹೋಗಾಣ ನಡಿ," ಅಂದ ಅಂಜಿನಪ್ಪ. "ಎರಡು ಚಹಾ ನನ್ನ ಕಡೆಯಿಂದ."

* * *

ಬುಧವಾರ ಶಾಂತಲಾ ದೂರು ವಾಪಸ್ ಪಡೆದು ಬೆಳಗಿನ ಬಸ್ಸಿಗೆ ಹೊರಟಳು. ಬ್ಯಾಗು ಹೊತ್ತು ಹಿಂದೆ ಹತ್ತಿದವರು ಕಲ್ಲೇಶಪ್ಪ. ಶಾಫ್ಟಿನ ಖರ್ಚು ಅವರದೇ. ಮಧ್ಯಾಹ್ನ ಗುರುಸ್ವಾಮಿ ತಲೆ ಕೂರಿಸಿ, ಬಾಣವನ್ನು ಹನ್ನೆರಡಕ್ಕೆ ತಿರುಗಿಸಿ, ತೂಗಿ, ಯಂತ್ರದ ಮುಂದೆ ಹತ್ತು ಚೆಂಡು ಹೊಡೆಸಿದರು. ಎಂಟು ಒಂದೇ ಕಡೆ ಬಿದ್ದವು. ಕಲ್ಲೇಶಪ್ಪ ಮೂಲೆಯ ಸ್ಟೂಲಿನ ಮೇಲೆ ಕೂತು ನೋಡಿದರು. ಕೊನೆಗೆ ಎದ್ದು ಬಂದು, ತಮ್ಮದನ್ನೂ ಒಮ್ಮೆ ಅಳೆಯಬಹುದಾ ಅಂತ ಗುರುಸ್ವಾಮಿಯನ್ನು ಕೇಳಿದರು.

ಗುರುವಾರ ಸಂಜೆ ನಾಗರತ್ನರ ಫೋನಿಗೆ ಶಾಂತಲಾಳ ಸಂದೇಶ ಬಂತು. ಆರು ಮಂದಿಯ ಪಟ್ಟಿಯಲ್ಲಿ ಐದನೇ ಹೆಸರು ಅವಳದು. ಮೊದಲ ಹೊಡೆತ ನೇರವಾಗಿ ಇನ್ನೂರ ಆರು ಗಜ. ನಾಗರತ್ನ ಅದನ್ನು ಅಂಜಿನಪ್ಪನಿಗೆ ಓದಿ ಹೇಳಿದರು. ಅವನು ಸಮಾಧಾನದಿಂದ ಟೋಪಿ ತೆಗೆದು ತಲೆ ಕೆರೆದುಕೊಂಡ.

ಕಡತ ಮುಚ್ಚಿತು. ಹೋದದ್ದು ಒಂದು ಶಾಫ್ಟು, ಒಂದು ಹಿಡಿ, ಎರಡು ದಿನದ ಅಭ್ಯಾಸ.